ಸ್ಯಾಂಟೊರಿನಿ, ಅಕ್ರೊತಿರಿ, ಅಟ್ಲಾಂಟಿಸ್: ಇದರಲ್ಲಿ ಯಾವುದನ್ನು ಎಷ್ಟು ನಂಬಬಹುದು?

ಗುಡ್ಡದತುದಿ (ಪ್ರಶ್ನೆ)

ಗ್ರೀಸಿನ ಸ್ಯಾಂಟೊರಿನಿ ದ್ವೀಪದ (ಹಳೆಯ ಹೆಸರು ಥೀರಾ) ಕಂಚಿನ ಯುಗದ ಜ್ವಾಲಾಮುಖಿ ಸ್ಫೋಟದ ಬಗ್ಗೆ ಲೇಖನವೊಂದಕ್ಕೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದೇನೆ. ಓದಿದ ಕಡೆಯೆಲ್ಲ ಇಸವಿ ಬೇರೆಬೇರೆ. ಒಬ್ಬರು ಕ್ರಿ.ಪೂ. 1500 ಅಂದರೆ ಇನ್ನೊಬ್ಬರು 1628, ಮತ್ತೊಬ್ಬರು 1560 ಅನ್ನುತ್ತಾರೆ. ಈ ಸ್ಫೋಟದಿಂದಲೇ ಕ್ರೀಟ್ ದ್ವೀಪದ ಮಿನೋವನ್ ನಾಗರಿಕತೆ ಮುಳುಗಿತು ಅನ್ನುವುದು ಎಷ್ಟು ಸರಿ? ಆ ಸ್ಫೋಟದ ಬೂದಿಯಡಿ ಹೂತುಹೋದ ಊರು ಅಕ್ರೊತಿರಿಯಲ್ಲಿ ಇಟಲಿಯ ಪೊಂಪೆಯಂತೆ ಹೆಣಗಳು ಏಕೆ ಸಿಗಲಿಲ್ಲ? ಪ್ಲೇಟೊ ಹೇಳಿದ, ಕಡಲಲ್ಲಿ ಮುಳುಗಿದ ನಾಡು ಅಟ್ಲಾಂಟಿಸ್ ಇದೇ ಅನ್ನುವ ಮಾತಿಗೆ ಗಟ್ಟಿ ಆಧಾರ ಏನಾದರೂ ಇದೆಯೇ, ಇಲ್ಲ ಪ್ರವಾಸೋದ್ಯಮದವರ ಕೈಚಳಕವೇ? ಲೇಖನದಲ್ಲಿ ಅಂಕಿಅಂಶ ತಪ್ಪಬಾರದು, ಹಾಗಾಗಿ ವಿವರವಾಗಿಯೇ ಹೇಳಿ.

ಪದರಗಲ್ಲು

ಇಸವಿಯ ಜಗಳಕ್ಕೆ ಆಮೇಲೆ ಬರೋಣ. ಸ್ಫೋಟದಲ್ಲಿ ಯಾವುದಾದ ಮೇಲೆ ಯಾವುದು ನಡೆಯಿತು ಎಂಬುದು ತಿಳಿದರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಅಲ್ಲೇ ಉತ್ತರ ಇದೆ.

ಕ್ರೀಟ್‌ನಿಂದ ಉತ್ತರಕ್ಕೆ ಸುಮಾರು 110 ಕಿ.ಮೀ. ದೂರದಲ್ಲಿರುವ ಈ ದ್ವೀಪ ಈಗ ಒಂದು ಒಡೆದ ಉಂಗುರ. ದೊಡ್ಡ ತುಂಡು ಥೀರಾ, ಎದುರಿಗೆ ಥೀರಾಸಿಯಾ, ನಡುವೆ ಪುಟ್ಟ ಆಸ್ಪ್ರೊನಿಸಿ. ಒಳಗಿನ ಕಡಲು ಅಂದರೆ ಕ್ಯಾಲ್ಡೆರಾ (ಜ್ವಾಲಾಮುಖಿ ಕುಸಿದು ಆದ ದೊಡ್ಡ ಹಳ್ಳ), ಸುಮಾರು 11 ಕಿ.ಮೀ. ಉದ್ದ, 7 ಕಿ.ಮೀ. ಅಗಲ. ಸುತ್ತಲಿನ ಗೋಡೆ ನೀರಿನಿಂದ 300 ಮೀಟರ್‌ವರೆಗೆ ಎದ್ದಿದೆ, ನೀರಿನ ಆಳ ಕೆಲವು ಕಡೆ 390 ಮೀಟರ್ ಮುಟ್ಟುತ್ತದೆ. ನಡುವೆ ಕಾಣುವ ಎರಡು ಕರಿ ದ್ವೀಪಗಳು, ಪಾಲೆಯಾ ಕಮೆನಿ ಮತ್ತು ನೆಯಾ ಕಮೆನಿ, ಈ ಕಥೆಗೆ ಸೇರಿದವಲ್ಲ. ಅವು ಕ್ರಿ.ಪೂ. 197ರಿಂದೀಚೆಗೆ ಲಾವಾ ಹೊಮ್ಮಿ ಹುಟ್ಟಿದವು. ನಕ್ಷೆ ಬರೆಯುವವರು ಇಲ್ಲಿ ಮೇಲಿಂದ ಮೇಲೆ ಎಡವುತ್ತಾರೆ: ಕಂಚಿನ ಯುಗದ ದ್ವೀಪದ ಚಿತ್ರದಲ್ಲಿ ಈ ಎರಡನ್ನೂ ಹಾಕಿಬಿಡುತ್ತಾರೆ.

ದ್ವೀಪದ ಹಳೆಯ ಗಣಿಯ ಗೋಡೆಯಲ್ಲಿ ಸ್ಫೋಟದ ಕ್ರಮವನ್ನು ಕೆಳಗಿನಿಂದ ಮೇಲಕ್ಕೆ ಓದಬಹುದು. ತಳದಲ್ಲಿ ಕಂದು ಮಣ್ಣು, ಅದೇ ಆ ಕಾಲದ ನೆಲ. ಅದರ ಮೇಲೆ ಕೆಲವೇ ಸೆಂಟಿಮೀಟರಿನ ನಯವಾದ ಬೂದಿ. ಇದು ಮುನ್ಸೂಚನೆಯ ಸಣ್ಣ ಸ್ಫೋಟ, ಜನರಿಗೆ ಹೊರಡುವ ಸಮಯ ಕೊಟ್ಟದ್ದು ಇದೇ ಇರಬೇಕು. ಆಮೇಲೆ ಹಗುರವಾದ ಬಿಳಿ ಪ್ಯೂಮಿಸ್ ಕಲ್ಲಿನ ಪದರ, ಕೆಲವು ಕಡೆ 6ರಿಂದ 7 ಮೀಟರ್. ಮೂವತ್ತಕ್ಕೂ ಹೆಚ್ಚು ಕಿ.ಮೀ. ಎತ್ತರಕ್ಕೆ ಹೋದ ಸ್ತಂಭದಿಂದ ಮಳೆಯಂತೆ ಬಿದ್ದದ್ದು ಇದು. ಕಲ್ಲುಗಳ ಗಾತ್ರ ಹೆಚ್ಚುಕಮ್ಮಿ ಒಂದೇ ಸಮ, ನಡುವೆ ಹೊರಗಿನ ಬಂಡೆ ಇಲ್ಲ. ಮೂರನೆಯ ಪದರ ಬಂದೊಡನೆ ಚಿತ್ರ ಬದಲಾಗುತ್ತದೆ: ಬೂದಿಯಲ್ಲಿ ಅಲೆಅಲೆಯಾದ ಗೆರೆಗಳು, ಅದರಲ್ಲಿ ಹೂತ ಕರಿ ಲಾವಾ ಬಂಡೆಗಳು. ಬಾಯಿ ಅಗಲವಾಗಿ ಕಡಲ ನೀರು ಒಳನುಗ್ಗಿದ್ದರಿಂದ ಮ್ಯಾಗ್ಮಾ (ನೆಲದಡಿಯ ಕರಗಿದ ಕಲ್ಲು) ಮತ್ತು ನೀರು ಸೇರಿ ಸಿಡಿದವು, ಬಿಸಿಗಾಳಿ ಬೂದಿ ಹೊತ್ತು ನೆಲಕ್ಕೆ ತಾಗಿಕೊಂಡೇ ಓಡಿತು. ಅಕ್ರೊತಿರಿಯ ಗೋಡೆಗಳ ಮೇಲೆ ಬಂಡೆ ಬಡಿದ ಗಾಯಗಳು ಈ ಹಂತದವು. ಅದರ ಮೇಲೆ ಗೆರೆಯೇ ಇಲ್ಲದ, ಎಲ್ಲ ಕಲಸಿದಂಥ ದಪ್ಪ ಪದರ, 55 ಮೀಟರ್‌ವರೆಗೆ. ಕಡಲ ನೀರು ತಣಿಸಿದ ಕಾರಣ ಇದರ ಬಿಸಿ ಕಡಿಮೆ. ಕೊನೆಯದು ಒಣ, ಬಿಸಿ ಬೂದಿಯ ಹರಿವು, ದ್ವೀಪದ ಹೊರಅಂಚಿನಲ್ಲಿ ಬೀಸಣಿಗೆಯಾಕಾರದಲ್ಲಿ ಹರಡಿ ಕಡಲಿಗಿಳಿದಿದೆ.

ಹೊರಬಿದ್ದ ಒಟ್ಟು ಮ್ಯಾಗ್ಮಾ ಎಷ್ಟು? ಹಿಂದಿನ ಅಂದಾಜು 30ರಿಂದ 60 ಘನ ಕಿ.ಮೀ. ತನಕ ಹೋಗುತ್ತಿತ್ತು. ಕಡಲತಳವನ್ನು ಭೂಕಂಪನ ಅಲೆಗಳಿಂದ ಅಳೆದು 2023ರಲ್ಲಿ ಪ್ರಕಟಿಸಿದ ಲೆಕ್ಕ ಸುಮಾರು 35 ಘನ ಕಿ.ಮೀ. ಲೇಖನದಲ್ಲಿ ಇದನ್ನೇ ಹಾಕಿ, ಆದರೆ ಇದು ಗುಳ್ಳೆಗಳ ಜಾಗ ಕಳೆದ ಗಟ್ಟಿ ಕಲ್ಲಿನ ಲೆಕ್ಕ ಎಂದು ಒಂದು ಮಾತು ಸೇರಿಸಿ. ಬೂದಿ ಮತ್ತು ಪ್ಯೂಮಿಸ್ ಉಬ್ಬಿದ ಗಾತ್ರ ಇದಕ್ಕಿಂತ ಬಹಳ ದೊಡ್ಡದು. ಎರಡೂ ಅಂಕಿಗಳನ್ನು ಬೆರೆಸಿ "ಇಂಡೊನೇಷ್ಯಾದ ಕ್ರಕಟೋವಾ ಜ್ವಾಲಾಮುಖಿಗಿಂತ ಇಷ್ಟು ಪಟ್ಟು" ಎಂದು ಬರೆಯುವವರ ಲೆಕ್ಕ ಹೀಗೆಯೇ ಹಾಳಾಗುವುದು.

ಇನ್ನೊಂದು ತಪ್ಪು ಕಲ್ಪನೆ: ದ್ವೀಪದ ನಡುಭಾಗ ಧುತ್ತೆಂದು ಕುಸಿದದ್ದರಿಂದಲೇ ಸುನಾಮಿ ಎದ್ದಿತು ಎಂಬುದು. ವಾಯವ್ಯದ ಜಲಸಂಧಿಯ ತಳವನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ಫೋಟದ ಮುಖ್ಯ ಹಂತದಲ್ಲಿ ಕ್ಯಾಲ್ಡೆರಾ ಹೊರಕಡಲಿನಿಂದ ಬೇರ್ಪಟ್ಟಿತ್ತು, ಎಲ್ಲ ಮುಗಿದ ಮೇಲೆ ನೀರು ದಂಡೆ ಕೊರೆದು ಒಳನುಗ್ಗಿತು. ಹಾಗಾದರೆ ಸುನಾಮಿಗೆ ಮುಖ್ಯ ಕಾರಣ ಹೊರಅಂಚಿನಲ್ಲಿ ಕಡಲಿಗೆ ಬಿದ್ದ ಆ ಬೂದಿಹರಿವುಗಳೇ.

ಈಗ ಇಸವಿ. ರೇಡಿಯೋಕಾರ್ಬನ್‌ನ (ಹಳೆಯ ಮರ, ಮೂಳೆಗಳಲ್ಲಿ ಉಳಿದ ಕಾರ್ಬನ್ ಅಳೆದು ಕಾಲ ಹೇಳುವ ವಿಧಾನ) ದೊಡ್ಡ ಸಾಕ್ಷಿ ಒಂದು ಆಲಿವ್ ಕೊಂಬೆ. ಪ್ಯೂಮಿಸ್ ಪದರದಲ್ಲಿ ಜೀವಂತ ನಿಂತ ಭಂಗಿಯಲ್ಲೇ ಹೂತುಹೋಗಿದ್ದ ಮರದ್ದು. ಅದರ ಉಂಗುರಗಳನ್ನು ಎಕ್ಸ್-ರೇ ಸ್ಕ್ಯಾನಿನಿಂದ ಎಣಿಸಿ, ಬೇರೆಬೇರೆ ಭಾಗಗಳ ಕಾರ್ಬನ್ ಅಳೆದು 2006ರಲ್ಲಿ ಕೊಟ್ಟ ಉತ್ತರ ಕ್ರಿ.ಪೂ. 1627ರಿಂದ 1600. ತಕರಾರು ಎರಡು. ಆಲಿವ್ ಮರದಲ್ಲಿ ವರ್ಷಕ್ಕೊಂದು ಎಂದು ನಂಬುವಂಥ ಸ್ಪಷ್ಟ ಉಂಗುರ ಇರುವುದಿಲ್ಲ. ಮತ್ತು ರೇಡಿಯೋಕಾರ್ಬನ್ ಅಳತೆಯನ್ನು ಇಸವಿಗೆ ತಿರುಗಿಸುವ ಮಾಪನರೇಖೆ ಕ್ರಿ.ಪೂ. 16ನೆಯ ಶತಮಾನದ ಮೊದಲರ್ಧದಲ್ಲಿ ಹೆಚ್ಚುಕಮ್ಮಿ ಚಪ್ಪಟೆ. ರೇಖೆ ಚಪ್ಪಟೆ ಇರುವಲ್ಲಿ ಒಂದೇ ಅಳತೆಗೆ ಐವತ್ತು, ಅರುವತ್ತು ವರ್ಷಗಳ ಅಂತರದ ಇಸವಿಗಳೂ ಹೊಂದುತ್ತವೆ. ವರ್ಷಕ್ಕೊಂದರಂತೆ ಮರದ ಉಂಗುರ ಅಳೆದು 2018ರಲ್ಲಿ ಆ ರೇಖೆಯನ್ನು ತಿದ್ದಿದಾಗ ಸ್ಫೋಟದ ಸಾಧ್ಯತೆ ಕ್ರಿ.ಪೂ. 1600ರಿಂದ 1525ರ ಕಡೆಗೆ ಜಾರಿತು.

1628 ಬಂದದ್ದು ಬೇರೆ ದಾರಿಯಿಂದ. ಅಮೆರಿಕದ ಬ್ರಿಸಲ್‌ಕೋನ್ ಪೈನ್ ಮರಗಳಲ್ಲಿ ಹಿಮಹಾನಿಯ ಉಂಗುರ, ಐರ್ಲೆಂಡಿನ ಓಕ್‌ಗಳಲ್ಲಿ ಕಿರಿದಾದ ಉಂಗುರಗಳು. ಎಲ್ಲೋ ದೊಡ್ಡ ಜ್ವಾಲಾಮುಖಿ ಸಿಡಿದಿತ್ತು ಎಂಬುದಕ್ಕೆ ಅವು ಸಾಕ್ಷಿ, ಎಲ್ಲಿ ಎಂಬುದಕ್ಕಲ್ಲ. ಗ್ರೀನ್‌ಲ್ಯಾಂಡ್ ಹಿಮದಲ್ಲಿ ಥೀರಾದ್ದೆಂದು ಹೇಳುತ್ತಿದ್ದ ಪದರದ ಗಾಜಿನ ಚೂರುಗಳ ರಾಸಾಯನಿಕ ರಚನೆ ಅಲಾಸ್ಕದ ಅನಿಯಾಕ್ಚಾಕ್ ಜ್ವಾಲಾಮುಖಿಯದ್ದು ಎಂದು ತಿಳಿಯಿತು. ಆದ್ದರಿಂದ 1628 ಎಂಬ ಒಂಟಿ ಇಸವಿಯನ್ನು ಶೀರ್ಷಿಕೆಗೆ ಹಾಕಬೇಡಿ.

ಮಡಕೆಚೂರು

ಮೇಲಿನದಕ್ಕೆ ಪುರಾತತ್ತ್ವದ ಕಡೆಯಿಂದ ಸೇರಿಸುತ್ತೇನೆ. 1500 ಎಂಬ ಇಸವಿಯೂ ಗಾಳಿಯಿಂದ ಬಂದದ್ದಲ್ಲ. ಅಕ್ರೊತಿರಿಯ ಮಡಕೆಗಳ ಶೈಲಿ ಕ್ರೀಟ್‌ನ "ಉತ್ತರ ಮಿನೋವನ್ ಒಂದು-ಎ" ಘಟ್ಟದ್ದು (ಇಲ್ಲಿ ಉತ್ತರ ಎಂದರೆ ತಡವಾದ ಕಾಲದ). ಆ ಘಟ್ಟವನ್ನು ಈಜಿಪ್ಟಿನ ರಾಜರ ಕಾಲಗಣನೆಗೆ ಜೋಡಿಸಿದರೆ ಸ್ಫೋಟ ಕ್ರಿ.ಪೂ. 1500ರ ಆಸುಪಾಸಿಗೆ ಬರುತ್ತದೆ. 19ನೆಯ ಶತಮಾನದಲ್ಲಿ ಥೀರಾದಲ್ಲೇ ಸಿಕ್ಕ ಸೈಪ್ರಸ್‌ನ ಬಿಳಿಲೇಪದ ಬಟ್ಟಲೊಂದು ಈ ವಾದದ ಮುಖ್ಯ ಕೊಂಡಿ, ಏಕೆಂದರೆ ಅದೇ ಜಾತಿಯ ಬಟ್ಟಲುಗಳು ಈಜಿಪ್ಟಿನ ತೆಲ್ ಎಲ್-ದಬಾದಲ್ಲಿ ತಡವಾದ ಪದರಗಳಲ್ಲಿ ಬರುತ್ತವೆ. ಈ ಲೆಕ್ಕಕ್ಕೂ ಕಾರ್ಬನ್ ಲೆಕ್ಕಕ್ಕೂ ನೂರು ವರ್ಷದ ಅಂತರ ಇತ್ತು. 2018ರ ತಿದ್ದುಪಡಿಯ ನಂತರ ಅದು ಕಿರಿದಾಗಿದೆ, ಆದರೆ ಪೂರ್ತಿ ಮುಚ್ಚಿಲ್ಲ. ಪದರಗಲ್ಲು ಅವರು ಹೇಳಿದ್ದಕ್ಕೆ ನನ್ನ ಒಂದೇ ತಕರಾರು: 1600ರ ಈಚೆಗೇ ಎಂದು ತೀರ್ಮಾನ ಬರೆಯುವುದೂ ಅವಸರವೇ. ಟರ್ಕಿಯ ಚೆಶ್ಮೆ ಪಟ್ಟಣದಲ್ಲಿ ಈ ಸುನಾಮಿಗೆ ಸಿಕ್ಕಿ ಸತ್ತ ಯುವಕ ಮತ್ತು ನಾಯಿಯ ಅಸ್ಥಿ ಸಿಕ್ಕ ವರದಿ 2021ರ ಕೊನೆಗೆ ಬಂತು. ಆ ಪದರದ ಬಾರ್ಲಿಯ ಕಾರ್ಬನ್ ಹೇಳುವುದು "1612ಕ್ಕಿಂತ ಹಿಂದಲ್ಲ" ಎಂದಷ್ಟೆ. "ಕ್ರಿ.ಪೂ. 17ನೆಯ ಶತಮಾನದ ಕೊನೆಗೋ 16ನೆಯ ಶತಮಾನದಲ್ಲೋ" ಎಂದು ಬರೆದರೆ ಯಾರೂ ನಿಮ್ಮನ್ನು ತಪ್ಪು ಅನ್ನಲಾರರು.

ಕ್ರೀಟ್ ಮುಳುಗಿದ ಕಥೆ ಗ್ರೀಕ್ ಪುರಾತತ್ತ್ವಜ್ಞ ಸ್ಪಿರಿದಾನ್ ಮರಿನಾತೊಸ್ 1939ರಲ್ಲಿ ಮಂಡಿಸಿದ್ದು. ಕ್ರೀಟ್‌ನ ಉತ್ತರ ತೀರದ ಅಮ್ನಿಸೊಸ್‌ನಲ್ಲಿ ಅವರಿಗೆ ಪ್ಯೂಮಿಸ್ ಸಿಕ್ಕಿತ್ತು, ಗೋಡೆಗಳು ಜಾಗ ತಪ್ಪಿದ್ದವು. ಸಾಕ್ಷ್ಯ ಹುಡುಕಿಕೊಂಡೇ ಅವರು 1967ರಲ್ಲಿ ಅಕ್ರೊತಿರಿಯನ್ನು ಅಗೆಯಲು ಶುರುಮಾಡಿದರು. ವಿಪರ್ಯಾಸ ನೋಡಿ, ಅವರ ಸಿದ್ಧಾಂತವನ್ನು ಬೀಳಿಸಿದ ಸಾಕ್ಷ್ಯ ಅಲ್ಲೇ ಸಿಕ್ಕಿತು. ಆಕ್ಟೋಪಸ್, ಶಂಖ, ಕಡಲಕಳೆಗಳನ್ನು ಮೈತುಂಬ ಬರೆದ "ಕಡಲ ಶೈಲಿ"ಯ ಮಡಕೆಗಳು ಕ್ರೀಟ್‌ನಲ್ಲಿ ಮುಂದಿನ ಘಟ್ಟದವು. ಅಕ್ರೊತಿರಿಯಲ್ಲಿ ಅವು ಇಲ್ಲ. ಅಂದರೆ ಥೀರಾ ಹೂತುಹೋದ ಮೇಲೂ ಕ್ರೀಟ್‌ನಲ್ಲಿ ಕುಂಬಾರರು ಹೊಸ ಶೈಲಿ ಕಟ್ಟಿಕೊಂಡು ಒಂದೆರಡು ತಲೆಮಾರಾದರೂ ಬಾಳಿದ್ದಾರೆ. ಪೂರ್ವ ಕ್ರೀಟ್‌ನ ಮೊಹ್ಲೊಸ್‌ನಲ್ಲಿ ಥೀರಾದ ಬೂದಿ ಆ ಮುಂದಿನ ಘಟ್ಟದ ಮನೆಗಳ ನೆಲದ ಕೆಳಗಿದೆ. ಬೂದಿ ಬಿದ್ದ ಮೇಲೆ ಕಟ್ಟಿದ ಮನೆಗಳವು. ಝಾಕ್ರೊಸ್, ಮಾಲಿಯಾ, ಫೈಸ್ತೊಸ್ ಅರಮನೆಗಳು ಸುಟ್ಟದ್ದು ಸುಮಾರು ಕ್ರಿ.ಪೂ. 1450ರಲ್ಲಿ, ಕ್ನೊಸೊಸ್ ಆಗಲೂ ಉಳಿಯಿತು.

ಹಾಗೆಂದು ಕ್ರೀಟ್‌ಗೆ ಏನೂ ಆಗಲಿಲ್ಲ ಎಂದಲ್ಲ. ಪೂರ್ವ ತುದಿಯ ಪಾಲೆಕಾಸ್ತ್ರೊದಲ್ಲಿ ಸುನಾಮಿ ತಂದ ಕಸ, ಕಲ್ಲು, ಮಡಕೆಚೂರು, ಕಡಲಜೀವಿಗಳ ಚಿಪ್ಪು ಬೆರೆತ ಪದರ ಇದೆ. ಅಲೆ 9 ಮೀಟರ್ ಎತ್ತರ ಇದ್ದಿರಬಹುದೆಂದು 2008ರ ಅಧ್ಯಯನ ಅಂದಾಜಿಸಿತು. ಹಡಗು, ಬಂದರು, ಥೀರಾದ ವ್ಯಾಪಾರಕೊಂಡಿ ಹೋದರೆ ದ್ವೀಪರಾಜ್ಯವೊಂದು ನಿಧಾನಕ್ಕೆ ಸೊರಗುವುದು ಸಹಜವೇ. ಬೂದಿ ಮಾತ್ರ ಹೆಚ್ಚಾಗಿ ಪೂರ್ವಕ್ಕೆ, ಈಶಾನ್ಯಕ್ಕೆ ಹೋಯಿತು. ಪೂರ್ವ ಕ್ರೀಟ್‌ನಲ್ಲಿ ಬಿದ್ದದ್ದು ಕೆಲವು ಸೆಂಟಿಮೀಟರ್ ಅಷ್ಟೆ, ಬೇಸಾಯವನ್ನು ಶಾಶ್ವತವಾಗಿ ಕೊಲ್ಲುವಷ್ಟಲ್ಲ.

ಹೆಣಗಳ ಪ್ರಶ್ನೆ. ಅಕ್ರೊತಿರಿಯಲ್ಲಿ ನಡೆದದ್ದು ಎರಡು ಅಂಕದಲ್ಲಿ. ಮೊದಲು ದೊಡ್ಡ ಭೂಕಂಪ. ಜನ ಊರು ಬಿಟ್ಟು, ಮತ್ತೆ ಬಂದು, ಕುಸಿದ ಗೋಡೆಗಳ ಕಲ್ಲನ್ನು ಬೀದಿಯಲ್ಲಿ ರಾಶಿ ಹಾಕಿ, ರಿಪೇರಿ ಶುರುಮಾಡಿದ್ದಾರೆ. "ಪಡುವಣ ಮನೆ" ಎಂದು ಕರೆಯುವ ಕಟ್ಟಡದ ಕೋಣೆಯೊಂದರಲ್ಲಿ ಗಾರೆ ಮತ್ತು ಬಣ್ಣದ ಪಾತ್ರೆಗಳು ಹಾಗೇ ಉಳಿದಿವೆ. ಮನೆಯೊಳಗಿನ ಮಂಚಗಳನ್ನು ಹೊರಗೆ ತಂದಿಟ್ಟಿದ್ದಾರೆ. ಮರ ಕೊಳೆತು ಬೂದಿಯಲ್ಲಿ ಉಳಿದ ಪೊಳ್ಳಿಗೆ ಪ್ಲಾಸ್ಟರ್ ಸುರಿದು ಆ ಮಂಚಗಳ ಅಚ್ಚು ತೆಗೆದಿದ್ದಾರೆ, ಪೊಂಪೆಯಲ್ಲಿ ಹೆಣಗಳ ಅಚ್ಚು ತೆಗೆದ ವಿಧಾನವೇ ಇದು. ಆಮೇಲೆ ಆ ತೆಳು ಬೂದಿ ಬಿತ್ತು, ಜನ ಎರಡನೆಯ ಸಲ ಹೊರಟರು. ಒಡವೆ, ಬೆಲೆಬಾಳುವ ಲೋಹ ಬಹುತೇಕ ಹೊತ್ತೊಯ್ದಿದ್ದಾರೆ. ಉಳಿದ ಹೆಸರಾಂತ ಚಿನ್ನ ಒಂದೇ: 1999ರಲ್ಲಿ ಮರದ ಪೆಟ್ಟಿಗೆಯೊಳಗೆ ಸಿಕ್ಕ ಪುಟ್ಟ ಕಾಡುಮೇಕೆಯ ಮೂರ್ತಿ. ಆದ್ದರಿಂದ "ಎಲ್ಲರೂ ಸುರಕ್ಷಿತವಾಗಿ ಪಾರಾದರು" ಎಂದು ಬರೆಯಬಹುದೇ? ಬೇಡ. ಇಡೀ ಊರು ಸುಮಾರು 20 ಹೆಕ್ಟೇರ್ ಇದ್ದಿರಬಹುದೆಂಬ ಅಂದಾಜು, ಅಗೆದದ್ದು ಅದರ ಸಣ್ಣ ತುಂಡು. ಬಂದರು ಇನ್ನೂ ಮಣ್ಣಿನಡಿಯೇ ಇದೆ. ಊರು ಬಿಟ್ಟವರು ಹಡಗು ಕಾಯುತ್ತ ಅಲ್ಲೇ ಸಿಕ್ಕಿಬಿದ್ದಿರಬಹುದು.

ಊರಿನ ಬಗ್ಗೆ ಎರಡು ಸಾಲು ಬೇಕಾದರೆ: ಎರಡು, ಮೂರು ಮಹಡಿ ಮನೆಗಳು, ಕಲ್ಲುಚಪ್ಪಡಿ ಹಾಸಿದ ಬೀದಿ, ಅದರಡಿ ಚರಂಡಿ. ಪಡುವಣ ಮನೆಯ ಮೇಲ್ಮಹಡಿಯಲ್ಲಿ ಪಾಯಿಖಾನೆ, ಗೋಡೆಯೊಳಗಿನ ಮಣ್ಣಿನ ಕೊಳವೆ ನೇರ ಬೀದಿಯ ಚರಂಡಿಗೆ. ಅರಮನೆ ಮಾತ್ರ ಈವರೆಗೆ ಸಿಕ್ಕಿಲ್ಲ. ಹಾಗೆಯೇ "ಮಿನೋವನ್ ಊರು" ಎಂದು ನೇರ ಬರೆಯದೆ, ಕ್ರೀಟ್‌ನ ಗಾಢ ಪ್ರಭಾವವಿದ್ದ ಸೈಕ್ಲೇಡ್ಸ್ ದ್ವೀಪಸಮೂಹದ ಊರು ಎಂದರೆ ಸರಿಯಾಗುತ್ತದೆ.

ಹಳೆಗ್ರೀಕ

ಅಟ್ಲಾಂಟಿಸ್ ನನ್ನ ಪಾಲಿಗೆ ಉಳಿಯಿತು. ಪ್ಲೇಟೊನ "ತಿಮೇಯಸ್" ಮತ್ತು "ಕ್ರಿತಿಯಸ್" ಸಂವಾದಗಳನ್ನು ಬಿಟ್ಟರೆ, ಅವನಿಗಿಂತ ಹಿಂದೆ ಯಾರೂ ಈ ಹೆಸರಿನ ಮುಳುಗಿದ ನಾಡನ್ನು ಹೇಳಿಲ್ಲ. ಕಾಲ ಸುಮಾರು ಕ್ರಿ.ಪೂ. 360. ಅಥೆನ್ಸ್‌ನ ಕಾನೂನುಕಾರ ಸೋಲನ್ ಈಜಿಪ್ಟಿನ ಸಾಯಿಸ್ ನಗರದ ಪುರೋಹಿತನಿಂದ ಕೇಳಿದ ಕಥೆ ಎಂದು ಪ್ಲೇಟೊ ಹೇಳುತ್ತಾನೆ. ಅಲ್ಲಿ ಬರುವ ಅಂಕಿಗಳನ್ನು ಎದುರಿಗಿಟ್ಟುಕೊಳ್ಳಿ. ಸೋಲನ್‌ಗಿಂತ 9,000 ವರ್ಷ ಹಿಂದೆ. ಹೆರಾಕ್ಲಿಸನ ಕಂಬಗಳ ಆಚೆ, ಅಂದರೆ ಜಿಬ್ರಾಲ್ಟರ್‌ನಾಚೆ. ಲಿಬಿಯಾ (ಗ್ರೀಕರಿಗೆ ಆಗ ಗೊತ್ತಿದ್ದ ಆಫ್ರಿಕ) ಮತ್ತು ಏಷ್ಯಾ ಸೇರಿದ್ದಕ್ಕಿಂತ ದೊಡ್ಡದು. ಬಯಲು 3,000 ಸ್ತಾದಿಯ (ಗ್ರೀಕರ ದೂರದ ಅಳತೆ) ಉದ್ದ, 2,000 ಅಗಲ. ರಾಜಧಾನಿಯ ನಡುದ್ವೀಪ 5 ಸ್ತಾದಿಯ, ಅದರ ಸುತ್ತ 1 ಅಗಲದ ನೀರು, 2 ಅಗಲದ ನೆಲ, 2ರ ನೀರು, 3ರ ನೆಲ, 3ರ ನೀರು. ಕೂಡಿದರೆ ಅಡ್ಡಗಲ 27 ಸ್ತಾದಿಯ, ಸುಮಾರು 5 ಕಿ.ಮೀ.

ಥೀರಾಕ್ಕೆ ಇದನ್ನು ಗಂಟುಹಾಕಿದವರಲ್ಲಿ ಗಟ್ಟಿಗ ಗ್ರೀಕ್ ಭೂಕಂಪಶಾಸ್ತ್ರಜ್ಞ ಆಂಗೆಲೊಸ್ ಗಲನೊಪುಲೊಸ್, 1960ರ ದಶಕದಲ್ಲಿ. ಈಜಿಪ್ಟಿನ ಲೆಕ್ಕವನ್ನು ಗ್ರೀಕಿಗೆ ತರುವಾಗ ನೂರು ಎಂಬುದು ಸಾವಿರ ಎಂದಾಯಿತು, ಹಾಗಾಗಿ ದೊಡ್ಡ ಅಂಕಿಗಳನ್ನೆಲ್ಲ ಹತ್ತರಿಂದ ಭಾಗಿಸಿ ಎಂಬುದು ಅವರ ಸೂತ್ರ. 9,000 ಹೋಗಿ 900 ಆಗುತ್ತದೆ. ಸೋಲನ್‌ನ ಕಾಲ ಸುಮಾರು ಕ್ರಿ.ಪೂ. 590, ಅದಕ್ಕೆ 900 ಕೂಡಿಸಿದರೆ 1490. ಆಗ ಎಲ್ಲರೂ ನಂಬಿದ್ದ 1500ಕ್ಕೆ ಎಷ್ಟು ಚೆನ್ನಾಗಿ ಕೂಡಿಬಂತು ನೋಡಿ! ಮೇಲಿನ ಇಬ್ಬರ ಇಸವಿಗಳನ್ನು ಈಗ ಇಟ್ಟು ನೋಡಿದರೆ ಆ ಹೊಂದಿಕೆಯೂ ಸಡಿಲ. ಅದು ಹಾಗಿರಲಿ, ಈಜಿಪ್ಟಿನಲ್ಲಿ ನೂರರ ಚಿಹ್ನೆ ಸುರುಳಿ ಹಗ್ಗ, ಸಾವಿರದ್ದು ತಾವರೆ ಗಿಡ. ಒಂದನ್ನು ನೋಡಿ ಇನ್ನೊಂದೆಂದು ಓದುವಂಥವಲ್ಲ. ಬಯಲನ್ನು ಭಾಗಿಸಿದರೆ ಸುಮಾರು 54 ಕಿ.ಮೀ. ಉದ್ದ, 36 ಅಗಲ, ಕ್ರೀಟ್‌ನೊಳಗೆ ತೂರಿಸಬಹುದು. ರಾಜಧಾನಿಯ ಉಂಗುರಗಳನ್ನು ಮಾತ್ರ ಭಾಗಿಸುವುದಿಲ್ಲ, ಭಾಗಿಸಿದರೆ ನಗರ ಅರ್ಧ ಕಿ.ಮೀ.ಗೆ ಇಳಿಯುತ್ತದೆ. ಬೇಕಾದಲ್ಲಿ ಭಾಗಿಸಿ ಬೇಡವಾದಲ್ಲಿ ಬಿಡುವ ಲೆಕ್ಕದಿಂದ ಯಾವ ದ್ವೀಪವನ್ನು ಬೇಕಾದರೂ ಅಟ್ಲಾಂಟಿಸ್ ಮಾಡಬಹುದು.

ಪರವಾಗಿ ಇರುವುದನ್ನೂ ಹೇಳಬೇಕು. ಅಟ್ಲಾಂಟಿಸ್‌ನ ಕಟ್ಟಡಕಲ್ಲು ಬಿಳಿ, ಕರಿ, ಕೆಂಪು ಎನ್ನುತ್ತಾನೆ ಪ್ಲೇಟೊ, ಥೀರಾದಲ್ಲಿ ಮೂರೂ ಇವೆ. ಬಿಸಿನೀರಿನ ಬುಗ್ಗೆ ಬರುತ್ತದೆ. ಆಯುಧವಿಲ್ಲದೆ ಕೋಲು, ಕುಣಿಕೆಯಿಂದ ಗೂಳಿ ಹಿಡಿಯುವ ವಿಧಿ ಬರುತ್ತದೆ, ಇದು ಕ್ರೀಟನ್ನು ನೆನಪಿಸುತ್ತದೆ. ಸ್ಫೋಟಕ್ಕೆ ಮುಂಚೆಯೇ ಥೀರಾದ ನಡುವೆ ನೀರು ತುಂಬಿದ ಕ್ಯಾಲ್ಡೆರಾ ಇತ್ತು, ಸುಮಾರು 22,000 ವರ್ಷ ಹಿಂದಿನ ಸ್ಫೋಟದ್ದು. ಉಂಗುರದ ನಡುವೆ ನೀರು ಎಂಬ ಚಿತ್ರಕ್ಕೆ ಇದು ಹೊಂದುತ್ತದೆ. ಆದರೆ ಇಡೀ ವರ್ಣನೆಯಲ್ಲಿ ಬೆಂಕಿ, ಬೂದಿ, ಕತ್ತಲು ಒಂದೂ ಇಲ್ಲ. ಭೂಕಂಪ, ಪ್ರವಾಹ, ಒಂದು ಹಗಲು ಒಂದು ಇರುಳಿನಲ್ಲಿ ಮುಳುಗಡೆ, ಅಷ್ಟೆ. ಅದಕ್ಕೆ ಪ್ಲೇಟೊ ಸಾವಿರ ವರ್ಷ ಹಿಂದೆ ಹೋಗಬೇಕಾಗಿರಲಿಲ್ಲ. ಪೆಲೊಪೊನೀಸ್‌ನ ಹೆಲಿಕೆ ನಗರ ಕ್ರಿ.ಪೂ. 373ರ ಚಳಿಗಾಲದಲ್ಲಿ ಒಂದೇ ರಾತ್ರಿ ಭೂಕಂಪಕ್ಕೆ, ಕಡಲಿಗೆ ಆಹುತಿಯಾದಾಗ ಅವನು ಬದುಕಿಯೇ ಇದ್ದ. ನನ್ನ ಅಭಿಪ್ರಾಯ ಕೇಳಿದರೆ, ಅಟ್ಲಾಂಟಿಸ್ ಪ್ಲೇಟೊ ತನ್ನ ರಾಜನೀತಿಯ ವಾದಕ್ಕೆ ಕಟ್ಟಿದ ಕಥೆ. ಬಣ್ಣ ಹಚ್ಚಲು ಹತ್ತಾರು ಕಡೆಯಿಂದ ಸಾಮಗ್ರಿ ತಂದಿದ್ದಾನೆ.

ಅಟ್ಲಾಂಟಿಸ್‌ನ ಗದ್ದಲದಲ್ಲಿ ಈ ದ್ವೀಪದ ಸ್ವಂತ ಪುರಾಣ ಮರೆತೇಹೋಗುತ್ತದೆ, ಲೇಖನಕ್ಕೆ ಅದೇ ಹೊಸದು. ಗ್ರೀಕ್ ಪುರಾಣದ ವೀರ ಯಾಸೊನ್ ಜೊತೆ ಆರ್ಗೋ ಹಡಗಿನಲ್ಲಿ ಹೋದ ಯೂಫೆಮೊಸ್‌ಗೆ ಲಿಬಿಯಾದ ಸರೋವರದ ಬಳಿ ಕಡಲದೇವತೆ ಟ್ರೈಟನ್ ಒಂದು ಹೆಂಟೆ ಮಣ್ಣು ಕೊಡುತ್ತಾನೆ. ಕ್ರಿ.ಪೂ. 3ನೆಯ ಶತಮಾನದ ಕವಿ ಅಪೊಲೋನಿಯಸ್ ಹೇಳುವಂತೆ, ಯೂಫೆಮೊಸ್ ಕನಸಿನಲ್ಲಿ ಆ ಹೆಂಟೆಗೆ ಎದೆಹಾಲು ಇಳಿಯುತ್ತದೆ, ಅದು ಹೆಣ್ಣಾಗುತ್ತದೆ. ಎದ್ದವನು ಯಾಸೊನ್ ಮಾತಿನಂತೆ ಅದನ್ನು ಕಡಲಿಗೆ ಎಸೆದಾಗ ಎದ್ದ ದ್ವೀಪವೇ ಕಲ್ಲಿಸ್ತೆ, ಮುಂದೆ ಥೀರಾ. ಕವಿ ಪಿಂಡಾರ್ ಕ್ರಿ.ಪೂ. 462ರ ಹಾಡಿನಲ್ಲಿ ಬೇರೆ ಹೇಳುತ್ತಾನೆ: ಕಾವಲಿಗಿದ್ದವರ ಅಲಕ್ಷ್ಯದಿಂದ ಅಲೆ ಹೆಂಟೆಯನ್ನು ಕೊಚ್ಚಿ ಥೀರಾ ದಡಕ್ಕೆ ಹಾಕಿತು. ಊರಿಗೆ ಒಯ್ದಿದ್ದರೆ ನಾಲ್ಕನೆಯ ತಲೆಮಾರಿಗೆ ಲಿಬಿಯಾ ಸಿಗುತ್ತಿತ್ತು, ಕಳೆದುಕೊಂಡದ್ದರಿಂದ ಹದಿನೇಳನೆಯ ತಲೆಮಾರಿಗೆ.

ಈ ಕಥೆಗೆ ರಾಜಕೀಯದ ಉಪಯೋಗವೂ ಇತ್ತು. ಥೀರಾದವರು ಸುಮಾರು ಕ್ರಿ.ಪೂ. 630ರಲ್ಲಿ ಲಿಬಿಯಾದಲ್ಲಿ ಸಿರೀನಿ ನಗರ ಕಟ್ಟಿದರು, ಪಿಂಡಾರ್ ಹಾಡಿದ್ದು ಅಲ್ಲಿನ ರಾಜನಿಗಾಗಿ. ಇತಿಹಾಸಕಾರ ಹೆರೊಡೊಟಸ್ ತನ್ನ ನಾಲ್ಕನೆಯ ಪುಸ್ತಕದಲ್ಲಿ ಹೇಳುವುದು ಹೀಗಿದೆ: ಏಳು ವರ್ಷ ಮಳೆಯಿಲ್ಲ, ಡೆಲ್ಫಿಯ ದೈವವಾಣಿ ಲಿಬಿಯಾಕ್ಕೆ ಹೋಗಿ ಎಂದಿತು, ಸಹೋದರರಲ್ಲಿ ಒಬ್ಬನನ್ನು ಚೀಟಿ ಎತ್ತಿ ಆರಿಸಿ ಬಟ್ಟೊಸ್ ನಾಯಕತ್ವದಲ್ಲಿ ಕಳಿಸಿದರು. ಹೋದವರು ಹೆದರಿ ತಿರುಗಿ ಬಂದಾಗ ಸ್ವಂತ ಊರಿನವರೇ ದಡಕ್ಕೆ ಇಳಿಯಗೊಡದೆ ಹೊಡೆದಟ್ಟಿದರು. ದ್ವೀಪಕ್ಕೆ ಮೊದಲು ಬಂದವರು ಕಾಡ್ಮೊಸ್ ಬಿಟ್ಟುಹೋದ ಫಿನೀಷಿಯನರು, ಎಂಟು ತಲೆಮಾರು ಅಲ್ಲಿದ್ದರು, ಆಮೇಲೆ ಸ್ಪಾರ್ಟಾದಿಂದ ಥೇರಾಸ್ ಬಂದ ಎಂಬುದೂ ಅಲ್ಲೇ ಇದೆ. ಗಮನಿಸಿ: ಇವರಲ್ಲಿ ಯಾರೂ ಕಂಚಿನ ಯುಗದ ಸ್ಫೋಟವನ್ನು ನೇರವಾಗಿ ಹೇಳುವುದಿಲ್ಲ. ದ್ವೀಪ ಹಲವು ತಲೆಮಾರು ಬರಿದಾಗಿತ್ತು, ನೆನಪು ದಾಟಿಸುವವರೇ ಇರಲಿಲ್ಲ. ಭೂಗೋಳಕಾರ ಸ್ಟ್ರಾಬೊ ಹೇಳುವ ನಾಲ್ಕು ದಿನ ಕಡಲು ಕುದಿದು ಉರಿದ ವರ್ಣನೆ ಕ್ರಿ.ಪೂ. 197ರ ಸಣ್ಣ ಸ್ಫೋಟದ್ದು. ಅದನ್ನು ದೊಡ್ಡ ಸ್ಫೋಟದ ಸಾಕ್ಷಿಯೆಂದು ಉದ್ಧರಿಸುವವರಿದ್ದಾರೆ, ನೀವು ಹಾಗೆ ಮಾಡಬೇಡಿ.

ಗುಡ್ಡದತುದಿ

ಮೂವರಿಗೂ ಧನ್ಯವಾದ. ಎರಡು ಉಳಿದವು. ಅಕ್ರೊತಿರಿಯ ನೀಲಿ ಕೋತಿಗಳ ಚಿತ್ರದಲ್ಲಿರುವುದು ಭಾರತದ ಮುಸುವ ಎಂದು ಸುದ್ದಿ ಓದಿದೆ, ನಿಜವೇ? ಮತ್ತು ಅಲ್ಲಿಗೆ ಹೋಗುವ ಓದುಗರಿಗಾಗಿ ಪುಟ್ಟ ಚೌಕವೊಂದನ್ನು ಹಾಕಬೇಕು, ಯಾವುದು ಎಲ್ಲಿದೆ ಹೇಳುತ್ತೀರಾ?

ಮಡಕೆಚೂರು

ಸುದ್ದಿ ನಿಜ, ತೀರ್ಮಾನ ಮಾತ್ರ ಇನ್ನೂ ಬಂದಿಲ್ಲ. ಚಿತ್ರ ಇರುವುದು ಬೀಟಾ ಸಂಕೀರ್ಣದ 6ನೆಯ ಕೋಣೆಯಲ್ಲಿ. ಆಫ್ರಿಕದ ವರ್ವೆಟ್ ಕೋತಿ ಎಂಬುದು ಹಳೆಯ ಅಭಿಪ್ರಾಯ. ಕಲಾ ಇತಿಹಾಸಜ್ಞರೂ ಪ್ರೈಮೇಟ್ ತಜ್ಞರೂ ಸೇರಿ 2020ರ ಹೊತ್ತಿಗೆ ಪ್ರಕಟಿಸಿದ ಅಧ್ಯಯನ ಬಾಲದ ಕಡೆ ಬೆರಳು ತೋರಿತು: ಓಡುವಾಗ ಬಾಲವನ್ನು ಮೇಲಕ್ಕೆತ್ತಿ ಬಾಗಿಸುವ ರೀತಿ, ಕೈಕಾಲಿನ ಉದ್ದ ಮುಸುವಕ್ಕೆ ಹೊಂದುತ್ತದೆ ಎಂದು. ನೀಲಿಯ ಬಗ್ಗೆ ಗೊಂದಲ ಬೇಡ, ಏಜಿಯನ್ ಚಿತ್ರಕಾರರು ಬೂದುಬಣ್ಣಕ್ಕೆ ನೀಲಿಯನ್ನೇ ಬಳಸುತ್ತಿದ್ದರು. ಮುಸುವದ ವಾದ ಸರಿಯಾದರೆ ಆ ರೂಪ ಸಿಂಧೂ ಬಯಲಿನಿಂದ ಮೆಸೊಪೊಟೇಮಿಯಾದ ಮೂಲಕ ದಾಟಿರಬೇಕು. ತೊಡಕು ಇಲ್ಲೇ: ಹರಪ್ಪ, ಮೊಹೆಂಜೊದಾರೊಗಳ ಏಳಿಗೆ ಕ್ರಿ.ಪೂ. 1900ರ ಸುಮಾರಿಗೇ ಮುಗಿದಿತ್ತು, ಚಿತ್ರ ಅದಕ್ಕಿಂತ ಎಷ್ಟೋ ತಲೆಮಾರು ಈಚಿನದು. ಜೀವಂತ ಪ್ರಾಣಿ ಬಂದಿತ್ತೋ, ಪ್ರತಿಯಿಂದ ಪ್ರತಿಗೆ ಚಿತ್ರದ ಮಾದರಿ ಮಾತ್ರ ಬಂದಿತ್ತೋ ಹೇಳುವಂತಿಲ್ಲ. ವರ್ವೆಟ್ ಎಂದೇ ಪಟ್ಟುಹಿಡಿದ ತಜ್ಞರೂ ಇದ್ದಾರೆ. "ಮುಸುವ ಇರಬಹುದು ಎಂಬ ವಾದವಿದೆ" ಎಂಬಲ್ಲಿಗೆ ನಿಲ್ಲಿಸಿ, "ಹನುಮಂತ ಗ್ರೀಸಿನಲ್ಲಿ" ಎಂಬ ಶೀರ್ಷಿಕೆ ಬೇಡ.

ಕೋತಿಗಳ ಇನ್ನೊಂದು ಚಿತ್ರ ಕ್ಸೆಸ್ತೆ 3 ಎಂಬ ದೊಡ್ಡ ಕಟ್ಟಡದ್ದು. ಹುಡುಗಿಯರು ಕೇಸರಿ ಹೂ ಬಿಡಿಸಿ ತರುತ್ತಾರೆ, ನೀಲಿ ಕೋತಿಯೊಂದು ಕೂತ ದೇವಿಗೆ ಕೇಸರಿ ಕೊಡುತ್ತದೆ. ಒಂದು ಹೂವಿಗೆ ಮೂರೇ ಎಳೆ, ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂ ಬೇಕು. ಬುಟ್ಟಿಗಟ್ಟಲೆ ಕೇಸರಿಯನ್ನು ಗೋಡೆಗೆ ಬರೆದುಕೊಂಡವರ ಸಿರಿವಂತಿಕೆ ಇದರಲ್ಲೇ ಗೊತ್ತಾಗುತ್ತದೆ.

ಚೌಕಕ್ಕೆ: ಕೋತಿಗಳ ಚಿತ್ರ ಮತ್ತು ಚಿನ್ನದ ಕಾಡುಮೇಕೆ ಫಿರಾ ಪಟ್ಟಣದ ಪ್ರಾಗಿತಿಹಾಸ ವಸ್ತುಸಂಗ್ರಹಾಲಯದಲ್ಲಿವೆ. ಮುಷ್ಟಿಯುದ್ಧದ ಹುಡುಗರು, ಜಿಂಕೆಗಳು, ಲಿಲಿ ಮತ್ತು ಬಾನಾಡಿಗಳ "ವಸಂತ" ಚಿತ್ರ ಅಥೆನ್ಸ್‌ನ ರಾಷ್ಟ್ರೀಯ ಪುರಾತತ್ತ್ವ ಸಂಗ್ರಹಾಲಯದಲ್ಲಿವೆ. ಅಕ್ರೊತಿರಿಗೇ ಹೋಗಿ ಚಿತ್ರಗಳನ್ನು ಹುಡುಕಿದರೆ ನಿರಾಸೆಯೇ, ಅಲ್ಲಿ ನೋಡಬೇಕಾದದ್ದು ಮನೆ, ಬೀದಿ, ಮೆಟ್ಟಿಲು, ಸಾಲು ಹರವಿಗಳು. ಇಡೀ ಜಾಗಕ್ಕೆ ಚಾವಣಿಯಿದೆ. 2005ರ ಸೆಪ್ಟೆಂಬರ್‌ನಲ್ಲಿ ಆಗಿನ ಹೊಸ ಚಾವಣಿಯ ಒಂದು ಭಾಗ ಕುಸಿದು ಪ್ರವಾಸಿಯೊಬ್ಬರು ಸತ್ತರು, 2012ರ ತನಕ ಮುಚ್ಚಿತ್ತು.

ಪದರಗಲ್ಲು

ಚೌಕಕ್ಕೆ ನನ್ನ ಕಡೆಯಿಂದಲೂ ಸ್ವಲ್ಪ. "ಪುರಾತನ ಥೀರಾ" ಎಂಬ ಫಲಕ ನೋಡಿ ಅಕ್ರೊತಿರಿ ಎಂದುಕೊಳ್ಳುವವರು ಬಹಳ. ಅದು ಬೇರೆ ಜಾಗ, ಆಗ್ನೇಯದ ಮೆಸಾ ವೂನೊ ಗುಡ್ಡದ ಮೇಲೆ, ಸುಮಾರು 370 ಮೀಟರ್ ಎತ್ತರದಲ್ಲಿ. ಸ್ಫೋಟದ ನಂತರ ಬಂದು ನೆಲೆಸಿದ ಡೋರಿಯನರ (ಗ್ರೀಕರ ಒಂದು ಪಂಗಡ) ಊರು, ಆಮೇಲೆ ಈಜಿಪ್ಟಿನ ಟಾಲೆಮಿ ದೊರೆಗಳ ನೌಕಾನೆಲೆ. ಕಮಾರಿಯಿಂದ ಅಂಕುಡೊಂಕು ರಸ್ತೆ, ಪೆರಿಸ್ಸಾದಿಂದ ಕಾಲುದಾರಿ. ಗುಡ್ಡದ ಮೇಲೆ ನೆರಳಿಲ್ಲ, ಗಾಳಿ ಜೋರು, ನೀರು ಒಯ್ಯಬೇಕು. ಇದು ಸುಣ್ಣಕಲ್ಲಿನ ಗುಡ್ಡ, ಜ್ವಾಲಾಮುಖಿಯದ್ದಲ್ಲ. ಜ್ವಾಲಾಮುಖಿ ಹುಟ್ಟುವ ಮೊದಲೇ ಇದ್ದ ನೆಲ ಇದು.

ನೆಯಾ ಕಮೆನಿಗೆ ದೋಣಿಯಲ್ಲಿ ಹೋಗಬಹುದು, ಕೊನೆಯ ಸಲ ಅಲ್ಲಿ ಲಾವಾ ಬಂದದ್ದು 1950ರಲ್ಲಿ. ಚೂಪು ಲಾವಾ ಚೂರಿನ ದಾರಿ, ಚಪ್ಪಲಿ ಸಾಲದು. ಅಕ್ರೊತಿರಿಯ ಪಕ್ಕದ ಕೆಂಪು ಕಡಲತೀರದಲ್ಲಿ ಬಂಡೆ ಉದುರುತ್ತಿರುತ್ತದೆ, ಎಚ್ಚರಿಕೆ ಫಲಕವನ್ನು ದಾಟಿ ಹೋಗಬಾರದು. 2025ರ ಜನವರಿ, ಫೆಬ್ರವರಿಯಲ್ಲಿ ಸಾವಿರಾರು ಕಂಪನಗಳಾಗಿ ದ್ವೀಪದ ಹೆಚ್ಚಿನವರು ಊರು ಬಿಟ್ಟಿದ್ದು ನೆನಪಿರಬಹುದು. ದೊಡ್ಡದು 5.3 ತೀವ್ರತೆಯದು. ಕಡಲತಳದಡಿ ಮ್ಯಾಗ್ಮಾ ಅಡ್ಡಲಾಗಿ ನುಗ್ಗಿದ್ದು ಕಾರಣ, ಸ್ಫೋಟ ಆಗಲಿಲ್ಲ. ಹೋಗುವವರು ಹೊರಡುವ ಮುಂಚೆ ಅಲ್ಲಿನ ಸರಕಾರದ ಸೂಚನೆ ನೋಡಲಿ ಎಂದು ಒಂದು ಸಾಲು ಸೇರಿಸಿ.

ಹಳೆಗ್ರೀಕ

ಪುರಾಣದ ಪಟ್ಟಿಗೆ ಇನ್ನೊಂದು, ಜಾಗವಿದ್ದರೆ ಮಾತ್ರ. ಗ್ರೀಕರಲ್ಲಿ ಸ್ಯಾಂಟೊರಿನಿ ಹೆಸರಾದದ್ದು ಅಟ್ಲಾಂಟಿಸ್‌ಗಿಂತ ಮುಂಚೆ ವ್ರಿಕೋಲಕಾಸ್‌ಗಳಿಗೆ, ಅಂದರೆ ಗೋರಿಯಿಂದ ಎದ್ದು ಬರುವ ಹೆಣಗಳಿಗೆ. "ಸ್ಯಾಂಟೊರಿನಿಗೆ ವ್ರಿಕೋಲಕಾಸ್ ಒಯ್ಯುವುದು" ಎಂಬ ಗಾದೆಯೇ ಇದೆ, ಅಲ್ಲಿ ಬೇಕಾದಷ್ಟಿರುವಾಗ ಇನ್ನೊಂದು ಏಕೆ ಎಂಬ ಅರ್ಥದಲ್ಲಿ. ದ್ವೀಪದಲ್ಲಿದ್ದ ಜೆಸುಯಿಟ್ ಪಾದ್ರಿ ಫ್ರಾನ್ಸ್ವಾ ರಿಷಾರ್ 1657ರ ತನ್ನ ವರದಿಯಲ್ಲಿ ಇಂಥ ಹೆಣಗಳನ್ನು ಅಗೆದು ಸುಡುವುದನ್ನು ವಿವರಿಸಿದ್ದಾನೆ. ಒಣ ಪ್ಯೂಮಿಸ್ ಮಣ್ಣಿನಲ್ಲಿ ಹೆಣ ಬೇಗ ಕೊಳೆಯದಿರುವುದೇ ಈ ನಂಬಿಕೆಗೆ ಮೂಲ ಎಂದು ವಿವರಿಸುವವರಿದ್ದಾರೆ, ಅದನ್ನು ಊಹೆಯೆಂದೇ ಬರೆಯಿರಿ. ಅದಕ್ಕೆ ಏಳು ವರ್ಷ ಹಿಂದೆ, 1650ರಲ್ಲಿ, ದ್ವೀಪದ ಈಶಾನ್ಯಕ್ಕೆ ಸುಮಾರು 7 ಕಿ.ಮೀ. ದೂರದ ಕೊಲುಂಬೊ ಎಂಬ ಕಡಲತಳದ ಜ್ವಾಲಾಮುಖಿ ಸಿಡಿದು ವಿಷಗಾಳಿಗೆ ಸುಮಾರು 70 ಜನರೂ ಬಹಳಷ್ಟು ದನಕರುಗಳೂ ಸತ್ತಿದ್ದವು. ಕೊಲುಂಬೊ ಮತ್ತು ಕಂಚಿನ ಯುಗದ ಸ್ಫೋಟ ಒಂದೇ ಬಾಯಿಯದ್ದಲ್ಲ. ನಕ್ಷೆಯಲ್ಲಿ ಎರಡಕ್ಕೂ ಬೇರೆ ಗುರುತು ಹಾಕಿ.